ಎರಡು ಪುಸ್ತಕಗಳು: ಪಿಡುಗಿನ ಕಾಲದಲ್ಲಿ ನಗರಗಳು ಇಟ್ಟ ಲೆಕ್ಕ

ಧರ್ಮಕೇಂದ್ರವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕಟ್ಟಡದ ಕಥೆಯಿಂದ ಆರಂಭಿಸುತ್ತಾರೆ. ಅಡಿಗಲ್ಲು ಹಾಕಿದವರು ಯಾರು, ಗಂಟೆ ಎಲ್ಲಿಂದ ಬಂದಿತು, ಗೋಪುರ ಎಂದು ಮೇಲೆದ್ದಿತು ಎಂಬುದು ಎಲ್ಲರಿಗೂ ಪ್ರಿಯವಾದ ವಿಷಯವೇ ಸರಿ. ಆದರೆ ಗುರುನಿವಾಸದ ಕಪಾಟಿನಲ್ಲಿ, ಗೆದ್ದಲಿಗೂ ತೇವಕ್ಕೂ ಹೆದರುತ್ತ ಉಳಿದುಕೊಂಡಿರುವ ಕೆಲವು ದಪ್ಪ ರಟ್ಟಿನ ಪುಸ್ತಕಗಳಿರುತ್ತವೆ. ಅವುಗಳನ್ನು ಕೇಳುವವರು ಕಡಿಮೆ. ಜ್ಞಾನಸ್ನಾನದ ಪ್ರಮಾಣಪತ್ರ ಬೇಕಾದಾಗಲೋ ಮದುವೆಯ ಮಾತು ಬಂದಾಗಲೋ ಅವು ಹೊರಗೆ ಬರುತ್ತವೆ. ಮತ್ತೆ ಒಳಗೆ ಸೇರುತ್ತವೆ. ಈ ಸ್ಮರಣ ಸಂಚಿಕೆಯಲ್ಲಿ ನಾವು ಅಂಥ ಪುಸ್ತಕಗಳ ಪೈಕಿ ಎರಡರ ನೆವದಿಂದ ಒಂದು ದೊಡ್ಡ ಸಂಗತಿಯನ್ನು ವಾಚಕರ ಮುಂದಿಡಬಯಸುತ್ತೇವೆ. ಮಹಾಪಿಡುಗು ಊರನ್ನು ಹೊಕ್ಕಾಗ, ಅದು ಎಷ್ಟು ಜನರನ್ನು, ಯಾವ ಕೇರಿಯಲ್ಲಿ, ಯಾವ ವಾರದಲ್ಲಿ ಹಿಡಿಯಿತು ಎಂಬ ಲೆಕ್ಕವನ್ನು ನಗರಗಳು ಹೇಗೆ ಇಟ್ಟವು, ಆ ಲೆಕ್ಕ ಎಲ್ಲಿ ಸತ್ಯವಾಯಿತು, ಎಲ್ಲಿ ಸುಳ್ಳಾಯಿತು ಎಂಬುದೇ ಆ ಸಂಗತಿ.

1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳ ಕಾಲದಲ್ಲಿ ಪ್ರಕಟವಾದ ರೋಮನ್ ವಿಧಿಗ್ರಂಥವು ಪ್ರತಿಯೊಂದು ಧರ್ಮಕೇಂದ್ರವೂ ಐದು ಪುಸ್ತಕಗಳನ್ನು ಇಡಬೇಕೆಂದು ವಿಧಿಸಿತು. ಜ್ಞಾನಸ್ನಾನ, ದೃಢೀಕರಣ ಮತ್ತು ವಿವಾಹಗಳಿಗೆ ಮೂರು. ನಾಲ್ಕನೆಯದು ಧರ್ಮಕೇಂದ್ರದ ಎಲ್ಲ ಕುಟುಂಬಗಳ ಪಟ್ಟಿ. ಐದನೆಯದು ಮೃತರ ಪಟ್ಟಿ. ಈ ಕೊನೆಯ ಎರಡು ಪುಸ್ತಕಗಳು ಒಂದರ ಪಕ್ಕದಲ್ಲಿ ಒಂದು ಇರುವುದು ಕೇವಲ ಆಡಳಿತದ ಅನುಕೂಲಕ್ಕಲ್ಲ. ಒಂದು ಕೇರಿಯಲ್ಲಿ ಹತ್ತು ಮಂದಿ ತೀರಿಕೊಂಡರೆಂಬ ಸುದ್ದಿ ಭಯವನ್ನು ಹುಟ್ಟಿಸಬಲ್ಲದೇ ಹೊರತು ತಿಳಿವಳಿಕೆಯನ್ನು ಕೊಡಲಾರದು. ಆ ಹತ್ತು ಮಂದಿ ನೂರು ಜನರ ಕೇರಿಯವರೋ, ಹತ್ತು ಸಾವಿರ ಜನರ ಕೇರಿಯವರೋ ಎಂಬುದು ಗೊತ್ತಾದಾಗಲೇ ರೋಗದ ಪ್ರಮಾಣ ಗೊತ್ತಾಗುವುದು. ಸತ್ತವರ ಪುಸ್ತಕವನ್ನು ಓದಲು ಬದುಕಿರುವವರ ಪುಸ್ತಕವೂ ಬೇಕು. ಸಾಂಕ್ರಾಮಿಕ ರೋಗಗಳ ಶಾಸ್ತ್ರವೆಲ್ಲ ನಿಂತಿರುವುದು ಈ ಸರಳ ತತ್ತ್ವದ ಮೇಲೆ.

ಲಂಡನ್ನಿನ ವಾರದ ಪಟ್ಟಿಗಳು

ನಗರವೊಂದು ಮರಣದ ಲೆಕ್ಕವನ್ನು ಸರ್ಕಾರದ ಕೆಲಸವೆಂದು ಭಾವಿಸಿದುದಕ್ಕೆ ಬಹು ಹಳೆಯ ನಿದರ್ಶನ ಇಟಲಿಯ ಮಿಲಾನ್. ಅಲ್ಲಿಯ ಆರೋಗ್ಯಾಧಿಕಾರಿಗಳು 1452ರಿಂದಲೇ ಮೃತರ ಹೆಸರು, ವಯಸ್ಸು, ವಾಸಸ್ಥಳ ಮತ್ತು ಮರಣದ ಕಾರಣಗಳನ್ನು ಬರೆದಿಡತೊಡಗಿದ್ದರು. ಆದರೆ ಲೆಕ್ಕವು ಜನರ ಕೈಗೆ ಅಚ್ಚಾಗಿ ಬಂದ ಪ್ರಸಿದ್ಧ ನಗರ ಲಂಡನ್. ಅಲ್ಲಿ 1603ರಿಂದ ತಡೆಯಿಲ್ಲದೆ ಪ್ರತಿ ವಾರವೂ ಮರಣಪಟ್ಟಿ ಹೊರಡುತ್ತಿದ್ದಿತು. ಒಂದೊಂದು ಧರ್ಮಕೇಂದ್ರದಲ್ಲಿಯೂ ಆ ವಾರ ಎಷ್ಟು ಮಂದಿಯನ್ನು ಮಣ್ಣು ಮಾಡಲಾಯಿತು, ಅವರಲ್ಲಿ ಪ್ಲೇಗಿಗೆ ಬಲಿಯಾದವರೆಷ್ಟು ಎಂಬುದನ್ನು ಆಯಾ ಧರ್ಮಕೇಂದ್ರದ ಗುಮಾಸ್ತರು ಒದಗಿಸುತ್ತಿದ್ದರು. ಸಿರಿವಂತರು ಈ ಹಾಳೆಯನ್ನು ನೋಡಿಕೊಂಡು, ನಗರದಲ್ಲಿರಬೇಕೋ ಹಳ್ಳಿಗೆ ಹೊರಡಬೇಕೋ ಎಂದು ನಿರ್ಧರಿಸುತ್ತಿದ್ದರು.

1665ರ ಮಹಾಪ್ಲೇಗಿನಲ್ಲಿ ಸೆಪ್ಟೆಂಬರ್ ತಿಂಗಳ ಒಂದೇ ವಾರ ಪ್ಲೇಗಿನ ಕಲಮಿನಲ್ಲಿ 7,165 ಸಾವುಗಳು ದಾಖಲಾದವು. ಆಗ ಪಟ್ಟಿಯಲ್ಲಿದ್ದ 130 ಧರ್ಮಕೇಂದ್ರಗಳ ಪೈಕಿ ರೋಗವಿಲ್ಲದೆ ಉಳಿದವು ನಾಲ್ಕು ಮಾತ್ರ. ಆ ವರ್ಷದ ಒಟ್ಟು ಪಟ್ಟಿಯಂತೆ 97,306 ಸಾವುಗಳಲ್ಲಿ 68,596 ಪ್ಲೇಗಿನವು. ಕೊನೆಯ ಅಂಕಿಯವರೆಗೆ ಕರಾರುವಾಕ್ಕಾಗಿ ಕಾಣುವ ಈ ಸಂಖ್ಯೆಗಳನ್ನು ನೋಡಿದರೆ ನಂಬಿಕೆ ಹುಟ್ಟುವುದು ಸಹಜ. ಆದರೆ ಅವು ಹುಟ್ಟುತ್ತಿದ್ದ ಬಗೆಯನ್ನು ತಿಳಿದರೆ ನಂಬಿಕೆ ಅಲುಗುತ್ತದೆ. ಮರಣದ ಕಾರಣವನ್ನು ಗೊತ್ತುಮಾಡುತ್ತಿದ್ದವರು ವೈದ್ಯರಲ್ಲ. ಅದಕ್ಕಾಗಿ ನೇಮಕಗೊಂಡ ಬಡ ವೃದ್ಧೆಯರು. ಅವರು ಕೋಲು ಹಿಡಿದು ಮನೆಮನೆಗೆ ಹೋಗಿ ಹೆಣವನ್ನು ನೋಡಿ ವರದಿ ಕೊಡುತ್ತಿದ್ದರು. ಪ್ಲೇಗೆಂದು ಬರೆದರೆ ಮನೆಯ ಬಾಗಿಲಿಗೆ ಕೆಂಪು ಶಿಲುಬೆಯ ಗುರುತು ಬೀಳುತ್ತಿದ್ದಿತು. ಆರೋಗ್ಯವಂತರನ್ನೂ ಸೇರಿಸಿ ಇಡೀ ಕುಟುಂಬವನ್ನು ನಲವತ್ತು ದಿನ ಒಳಗಿಟ್ಟು ಬೀಗ ಹಾಕಲಾಗುತ್ತಿದ್ದಿತು. ಇಂಥ ಶಿಕ್ಷೆಯನ್ನು ತಪ್ಪಿಸಿಕೊಳ್ಳಲು ಒಂದೆರಡು ನಾಣ್ಯ ಕೈ ಬದಲಾಯಿಸಿದರೆ, ಪ್ಲೇಗು ಬರಿಯ ಜ್ವರವಾಗುತ್ತಿದ್ದಿತು. ಮೇಲಾಗಿ ಪಟ್ಟಿಗೆ ಬರುತ್ತಿದ್ದುದು ಆಂಗ್ಲಿಕನ್ ಸಭೆಯ ಸ್ಮಶಾನಗಳ ಲೆಕ್ಕ. ಕ್ವೇಕರರು, ಯೆಹೂದ್ಯರು ಮುಂತಾದವರು ಸತ್ತರೂ ಆ ಹಾಳೆಯ ಮಟ್ಟಿಗೆ ಸತ್ತವರಲ್ಲ.

ಈ ಕಳ್ಳಲೆಕ್ಕವನ್ನು ಕಂಡುಹಿಡಿದವನು ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ. 1662ರಲ್ಲಿ ಪ್ರಕಟಿಸಿದ ಕಿರುಗ್ರಂಥದಲ್ಲಿ ಅವನು ಹಿಂದಿನ ಹಲವು ವರ್ಷಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದನು. 1625ರ ಪ್ಲೇಗಿನಲ್ಲಿ 35,417 ಮಂದಿ ಪ್ಲೇಗಿನಿಂದ ಸತ್ತರೆಂದು ದಾಖಲೆಯಿದ್ದಿತು. ಆದರೆ ಅದೇ ವರ್ಷ ಇತರ ರೋಗಗಳ ಸಾವುಗಳೂ ಎಂದಿನ ವರ್ಷಗಳಿಗಿಂತ ಎರಡು ಪಟ್ಟನ್ನು ಮೀರಿದ್ದವು. ಪ್ಲೇಗು ಬಂದ ವರ್ಷವೇ ಉಳಿದ ರೋಗಗಳೆಲ್ಲ ಏಕೆ ಹೆಚ್ಚಬೇಕು? ಹೆಚ್ಚಿದ ಭಾಗವೂ ಪ್ಲೇಗೇ ಎಂದು ಗ್ರಾಂಟ್ ತೀರ್ಮಾನಿಸಿದನು; ಪ್ಲೇಗಿನ ಸಾವುಗಳಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟು ಬೇರೆ ಹೆಸರಿನಲ್ಲಿ ಅಡಗಿದೆಯೆಂದು ಲೆಕ್ಕ ಹಾಕಿದನು. ರೋಗದ ಹೆಸರನ್ನು ಬದಲಿಸಬಹುದು, ಆದರೆ ಗುಂಡಿಗಳ ಸಂಖ್ಯೆಯನ್ನು ಬಚ್ಚಿಡುವುದು ಕಷ್ಟ ಎಂಬ ಈ ಒಂದು ಸೂಕ್ಷ್ಮ, ಮುಂದಿನ ಮೂರೂವರೆ ಶತಮಾನಗಳ ಕಾಲ ಆರೋಗ್ಯಾಧಿಕಾರಿಗಳ ಕೈದೀವಿಗೆಯಾಯಿತು.

ಮಾಂಡ್ವಿಯ ಜ್ವರ

ನಮ್ಮ ದೇಶಕ್ಕೆ ಈ ವಿದ್ಯೆ ಬಂದುದು ಬಹು ದುಬಾರಿಯ ಬೆಲೆಗೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅಲೆಕ್ಸಾಂಡರ್ ಯೆರ್ಸಿನ್ ಅದರ ಸೂಕ್ಷ್ಮಜೀವಿಯನ್ನು ಪತ್ತೆಹಚ್ಚಿದರು. ಹಡಗುಗಳ ಮಾರ್ಗದಲ್ಲಿ ಆ ರೋಗ ಮುಂಬಯಿಯನ್ನು ತಲುಪಲು ಎರಡು ವರ್ಷ ಸಾಕಾಯಿತು. ಬಂದರಿನ ಪಕ್ಕದ ಮಾಂಡ್ವಿ ಆಗ ಧಾನ್ಯದ ಉಗ್ರಾಣಗಳ ಕೇರಿ. ಒಂದರ ಮೇಲೊಂದು ಕಟ್ಟಿದ ಇಕ್ಕಟ್ಟಾದ ಚಾಳುಗಳು, ಗಾಳಿ ಬೆಳಕು ಕಾಣದ ಕೋಣೆಗಳು, ಮೂಟೆಗಳ ಸಂದಿನಲ್ಲಿ ಇಲಿಗಳ ಸಂಸಾರ. ಅಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ಅಕಾಸಿಯೊ ಗೇಬ್ರಿಯಲ್ ವಿಯೇಗಾಸ್ ಗೋವೆಯ ಅರ್ಪೋರಾ ಗ್ರಾಮದ ಕಥೋಲಿಕ ಕುಟುಂಬದಲ್ಲಿ 1856ರಲ್ಲಿ ಜನಿಸಿದವರು. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಪುರಸಭೆಯ ಸದಸ್ಯರೂ ಆಗಿದ್ದವರು. ಕಂಕುಳಲ್ಲಿಯೂ ತೊಡೆಯ ಸಂದಿನಲ್ಲಿಯೂ ಗಂಟು ಕಟ್ಟಿ, ತೀವ್ರ ಜ್ವರದಿಂದ ಮೂರು ನಾಲ್ಕು ದಿನಗಳಲ್ಲಿ ಸಾಯುತ್ತಿದ್ದ ರೋಗಿಗಳನ್ನು ಕಂಡು, ಇದು ಗಂಟಿನ ಪ್ಲೇಗೇ ಸರಿಯೆಂದು ಅವರು ನಿಶ್ಚಯಿಸಿದರು. 1896ರ ಸೆಪ್ಟೆಂಬರ್ 23ರಂದು ಪುರಸಭೆಯ ಸ್ಥಾಯೀ ಸಮಿತಿಯ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದರು.

ಆ ಒಂದು ಪದವನ್ನು ಉಚ್ಚರಿಸುವುದು ಸಣ್ಣ ವಿಷಯವಾಗಿರಲಿಲ್ಲ. ಪ್ಲೇಗಿನ ಊರೆಂದು ಹೆಸರಾದರೆ ವಿದೇಶದ ಬಂದರುಗಳು ಮುಂಬಯಿಯ ಹಡಗುಗಳನ್ನು ತಡೆಯುತ್ತವೆ, ಹತ್ತಿಯ ವ್ಯಾಪಾರ ನಿಲ್ಲುತ್ತದೆ. ಸಂದೇಹಾಸ್ಪದವಾದ ಜ್ವರವೆಂಬ ಮೃದುವಾದ ಹೆಸರಿನಲ್ಲಿಯೇ ಸಂಗತಿಯನ್ನು ಸುತ್ತಿಡಲು ಅಧಿಕಾರವರ್ಗ ಮೊದಲು ಬಯಸಿದುದು ಈ ಕಾರಣದಿಂದ. ಅಕ್ಟೋಬರಿನಲ್ಲಿ ಸರ್ಕಾರದ ಆದೇಶದಂತೆ ಮುಂಬಯಿಗೆ ಬಂದ ವಾಲ್ಡೆಮಾರ್ ಹಾಫ್ಕಿನ್ ಗ್ರಾಂಟ್ ಕಾಲೇಜಿನ ಒಂದು ಚಿಕ್ಕ ಜಾಗದಲ್ಲಿ ಪ್ರಯೋಗಶಾಲೆ ಹೂಡಿ, ಮೂರೇ ತಿಂಗಳಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಡಾ. ವಿಯೇಗಾಸ್ ಮುಂದೆ ಲಸಿಕೆಯ ಕಾರ್ಯದಲ್ಲಿ ತೊಡಗಿದರು. 1906ರಲ್ಲಿ ಪುರಸಭೆಯ ಅಧ್ಯಕ್ಷರಾದರು. ಅವರ ಪ್ರತಿಮೆಯನ್ನು ನಗರವು ಧೋಬಿ ತಲಾವಿನ ಬಳಿ ಸ್ಥಾಪಿಸಿತು.

ಅಡಗಿದ ರೋಗಿ, ಕರಗಿದ ಊರು

ಲಂಡನ್ನಿನ ಕಥೆ ಮುಂಬಯಿಯಲ್ಲಿ ಮರುಕಳಿಸಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮಾರ್ಚಿನಲ್ಲಿ ಸೇನಾಧಿಕಾರಿ ಗ್ಯಾಟೇಕರ್ ಅವರ ಅಧ್ಯಕ್ಷತೆಯಲ್ಲಿ ಪ್ಲೇಗು ಸಮಿತಿ ರಚಿತವಾಯಿತು. ಸೈನಿಕರೊಡಗೂಡಿದ ತಂಡಗಳು ಮನೆಗಳನ್ನು ಶೋಧಿಸಿ ರೋಗಿಗಳನ್ನು ಆಸ್ಪತ್ರೆಗೂ ಬಂಧುಗಳನ್ನು ಶಿಬಿರಗಳಿಗೂ ಸಾಗಿಸಿದವು. ರೋಗ ಕಂಡ ಮನೆಯ ಗೋಡೆಗೆ ವೃತ್ತ ಬರೆದು ತಾರೀಖು ಹಾಕಲಾಯಿತು. ವಾಸಕ್ಕೆ ಅಯೋಗ್ಯವೆಂದು ಕೆಲವು ಮನೆಗಳಿಗೆ ಮುದ್ರೆ ಬಿದ್ದಿತು. ಮೃತದೇಹಗಳ ತಪಾಸಣೆಯಿಲ್ಲದೆ ಸಂಸ್ಕಾರ ನಡೆಯದೆಂಬ ನಿಯಮ ಬಂದಿತು. ಸಾಯುವ ಕಾಲದಲ್ಲಿ ತನ್ನವರ ಕೈಯ ನೀರು ಸಿಗಲಾರದು, ಜಾತಿ ಮತದ ಆಚಾರ ಉಳಿಯಲಾರದು, ಹೆಣ್ಣುಮಕ್ಕಳ ಮಾನಕ್ಕೆ ಧಕ್ಕೆಯಾದೀತು ಎಂದು ಜನ ಹೆದರಿದರು. ಸೈನ್ಯದ ಶೋಧನೆಗೆ ಮೊದಲೇ, 1896ರ ಅಕ್ಟೋಬರ್ 29ರಂದು, ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ನಡೆಸಿದ್ದಿತು. 1898ರ ಮಾರ್ಚಿನಲ್ಲಿ ಮನೆತಪಾಸಣೆಯ ವಿಷಯದಿಂದ ಮುಂಬಯಿಯಲ್ಲಿ ಗಲಭೆಯೇ ಆಯಿತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್ಯಾಂಡ್ 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದುದು ಎಲ್ಲರಿಗೂ ತಿಳಿದ ವಿಷಯ. ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚ್ 10ರಂದು, ರೋಗಿಗಳ ಶುಶ್ರೂಷೆಯಲ್ಲಿ ಸೋಂಕು ತಗಲಿ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡರೆಂಬುದನ್ನೂ ಇಲ್ಲಿ ಸ್ಮರಿಸಬೇಕು.

ಈ ಭಯ ಲೆಕ್ಕದ ಪುಸ್ತಕವನ್ನೇ ಕೆಡಿಸಿತು. ರೋಗಿಯನ್ನು ರಾತ್ರೋರಾತ್ರಿ ಮನೆಯಿಂದ ಮನೆಗೆ ಸಾಗಿಸಿದರು, ಸಾವನ್ನು ಬೇರೆ ಜ್ವರದ ಹೆಸರಿನಲ್ಲಿ ಬರೆಸಿದರು. ಪ್ಲೇಗಿನ ಕಲಮಿನಲ್ಲಿ ಕಾಣದ ಸಾವುಗಳು ಇತರ ಜ್ವರಗಳ ಕಲಮಿನಲ್ಲಿಯೂ ಶ್ವಾಸರೋಗಗಳ ಕಲಮಿನಲ್ಲಿಯೂ ಉಬ್ಬಿಕೊಂಡವು. ಪುರಸಭೆಯ ಅಧಿಕಾರಿಗಳು ಕೊನೆಗೆ ಗ್ರಾಂಟ್‌ನ ಉಪಾಯಕ್ಕೇ ಶರಣಾದರು. ಹಿಂದಿನ ಐದು ವರ್ಷಗಳ ಅದೇ ವಾರದ ಸರಾಸರಿಯನ್ನು ತೆಗೆದು, ಅದಕ್ಕಿಂತ ಈ ವಾರ ಎಷ್ಟು ಹೆಚ್ಚೆಂದು ನೋಡಿದರು. ಆ ಹೆಚ್ಚಳವೇ ರೋಗದ ನಿಜವಾದ ಅಳತೆಗೋಲಾಯಿತು.

ಸತ್ತವರ ಪುಸ್ತಕದ ಗತಿ ಹೀಗಾದರೆ, ಬದುಕಿದ್ದವರ ಪುಸ್ತಕದ ಗತಿ ಇನ್ನೂ ವಿಚಿತ್ರವಾಯಿತು. 1891ರ ಜನಗಣತಿಯಂತೆ ಮುಂಬಯಿಯ ಜನಸಂಖ್ಯೆ 8,21,764. ಪ್ಲೇಗಿಗೆ ಹೆದರಿ 1897ರ ಫೆಬ್ರವರಿಯ ವೇಳೆಗೆ ಸುಮಾರು 3,80,000 ಜನ ರೈಲಿನಲ್ಲಿ, ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ನಗರವನ್ನು ಬಿಟ್ಟುಹೋದರೆಂದು ಅಂದಾಜು. ಅರ್ಧ ಊರು ಖಾಲಿಯಾದ ಮೇಲೆ ಸಾವಿನ ಸಂಖ್ಯೆಯನ್ನು ಹಳೆಯ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಪ್ರಮಾಣ, ಉಳಿದವರ ಪಾಲಿನ ನಿಜವಾದ ಅಪಾಯಕ್ಕಿಂತ ಬಹಳ ಕಡಿಮೆ. ಓಡಿಹೋಗಲು ಹಣವೂ ಊರೂ ಇಲ್ಲದ ಬಡವನು ಯಾವ ದವಡೆಯಲ್ಲಿ ಉಳಿದಿದ್ದನೆಂಬುದು ಆ ಭಾಗಾಕಾರದಲ್ಲಿ ಮಾಯವಾಗುತ್ತಿದ್ದಿತು. 1901ರ ಮಾರ್ಚ್ ಒಂದರ ಜನಗಣತಿಯೂ ಪ್ಲೇಗಿನ ಋತುವಿನಲ್ಲಿಯೇ ಬಿದ್ದು, 7,76,006 ಎಂಬ ಕುಗ್ಗಿದ ಅಂಕಿಯನ್ನು ಕೊಟ್ಟಿತು. 1906ರಲ್ಲಿ ಪ್ರತ್ಯೇಕವಾಗಿ ಎಣಿಸಿ ನೋಡಿದಾಗ ನಗರದಲ್ಲಿ 9,77,822 ಜನರಿದ್ದರು. ಐದು ವರ್ಷಗಳಲ್ಲಿ ಊರು ಬೆಳೆದುದೂ ನಿಜ. ಮೊದಲಿನ ಎಣಿಕೆಯ ದಿನ ಊರು ಊರಿನಲ್ಲಿ ಇಲ್ಲದಿದ್ದುದೂ ನಿಜ.

ಮುಂಬಯಿಯ ಹಳೆಯ ಕ್ರೈಸ್ತ ಕೇರಿಗಳಲ್ಲಿ, ಬಾಂದ್ರಾದ ಓಣಿಗಳಲ್ಲಿ, ಇಂದಿಗೂ ಅಲ್ಲಲ್ಲಿ ಕಲ್ಲಿನ ಶಿಲುಬೆಗಳು ನಿಂತಿವೆ. ಅವುಗಳಲ್ಲಿ ಅನೇಕವನ್ನು ಈ ಪ್ಲೇಗಿನ ವರ್ಷಗಳಲ್ಲಿ, ಸಂತ ಸೆಬಾಸ್ತಿಯನ್ ಮತ್ತು ಸಂತ ರೋಕರ ಮಧ್ಯಸ್ಥಿಕೆಯನ್ನು ಬೇಡಿ, ನೆರೆಹೊರೆಯವರು ಹಣ ಕೂಡಿಸಿ ನಿಲ್ಲಿಸಿದರು. ಬೆಂಗಳೂರಿನ ಹಳೆಯ ಪೇಟೆಗಳಲ್ಲಿರುವ ಪ್ಲೇಗಮ್ಮನ ಗುಡಿಗಳೂ ಅದೇ ಕಾಲದ ಸ್ಮಾರಕಗಳು. ಇವು ಸರ್ಕಾರದ ನಕ್ಷೆಯಲ್ಲಿ ಇಲ್ಲದ ಗುರುತುಗಳು. ಎಲ್ಲಿ ಸಾವು ಹೆಚ್ಚಾಗಿ ಬಡಿಯಿತೆಂಬುದನ್ನು ಜನ ತಮ್ಮದೇ ಲಿಪಿಯಲ್ಲಿ ಬರೆದಿಟ್ಟರೆಂದು ನಾವು ಅವನ್ನು ಓದಬಹುದು.

ಹುಬ್ಬಳ್ಳಿ ಮತ್ತು ಬೆಂಗಳೂರು

ಆ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ರೈಲ್ವೆ ಕಾರ್ಯಾಗಾರದ ಊರಾದ ಹುಬ್ಬಳ್ಳಿಗೆ ಪ್ಲೇಗು ಕಾಲಿಟ್ಟುದರಲ್ಲಿ ಆಶ್ಚರ್ಯವಿಲ್ಲ. 1898ರಲ್ಲಿ ಅಲ್ಲಿ ನಡೆದ ಲಸಿಕೆಯ ಕಾರ್ಯ ಮಾತ್ರ ಜಗತ್ತಿನ ಗಮನವನ್ನು ಸೆಳೆಯಿತು. ಸುಮಾರು 50,000 ಜನಸಂಖ್ಯೆಯ ಪಟ್ಟಣದಲ್ಲಿ 35,000ಕ್ಕೂ ಹೆಚ್ಚು ಮಂದಿ ಕೆಲವೇ ತಿಂಗಳಲ್ಲಿ ಹಾಫ್ಕಿನ್ನರ ಲಸಿಕೆಯನ್ನು ಹಾಕಿಸಿಕೊಂಡರು. ಅಲ್ಲಿಯ ವೈದ್ಯಾಧಿಕಾರಿ ಲ್ಯೂಮನ್ ವಾರವಾರವೂ ಲಸಿಕೆ ಹಾಕಿಸಿಕೊಂಡವರೆಷ್ಟು, ಹಾಕಿಸಿಕೊಳ್ಳದವರೆಷ್ಟು, ಎರಡು ಗುಂಪುಗಳಲ್ಲಿಯೂ ಸತ್ತವರೆಷ್ಟು ಎಂದು ಬೇರೆಬೇರೆ ಲೆಕ್ಕ ಇಟ್ಟರು. ಎರಡೂ ಪುಸ್ತಕಗಳನ್ನು ಒಟ್ಟಿಗೆ ತೆರೆದಿಟ್ಟ ಈ ಪಟ್ಟಣದ ಅಂಕಿಗಳು ಲಸಿಕೆಯ ಗುಣವನ್ನು ಸ್ಥಾಪಿಸಲು ಮುಖ್ಯ ಸಾಕ್ಷ್ಯಗಳಾದವು.

ಅದೇ ರೈಲುಮಾರ್ಗದಲ್ಲಿ 1898ರ ಆಗಸ್ಟಿನಲ್ಲಿ ರೋಗ ಬೆಂಗಳೂರಿಗೆ ಬಂದಿತು. ಮೈಸೂರು ಸಂಸ್ಥಾನದ ಆಡಳಿತದಲ್ಲಿ ಪೇಟೆ, ಬ್ರಿಟಿಷರ ಆಡಳಿತದಲ್ಲಿ ದಂಡು, ಹೀಗೆ ಒಂದೇ ಊರು ಎರಡು ಸರ್ಕಾರಗಳ ಕೆಳಗಿದ್ದಿತು. ರೋಗಕ್ಕೆ ಆ ಗಡಿ ತಿಳಿಯದು. ಲೆಕ್ಕಕ್ಕೆ ಮಾತ್ರ ಅದು ಅಡ್ಡಗೋಡೆಯಾಯಿತು. ಸಂಸ್ಥಾನದ ಪ್ಲೇಗು ಕಮಿಷನರರಾಗಿ ವಿ.ಪಿ. ಮಾಧವರಾಯರು ನೇಮಕಗೊಂಡರು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಬಿದ್ದು ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ದಂಡಿನ ಕಡೆ ಇಲಿಗಳಿಗೆ ಎಡೆಗೊಡದ ಮನೆಗಳ ಬಡಾವಣೆಯಾಗಿ 1910ರಲ್ಲಿ ಫ್ರೇಜರ್ ಟೌನ್ ರೂಪುಗೊಂಡಿತು. ನಗರದ ನಕ್ಷೆಯ ಮೇಲೆ ರೋಗದ ಲೆಕ್ಕವು ಬಿಟ್ಟುಹೋದ ಗೆರೆಗಳಿವು.

ಇಲಿಗಳ ಲೆಕ್ಕ

ಇಲಿ ಬಿದ್ದರೆ ಮನೆ ಬಿಡಬೇಕೆಂಬುದು ನಮ್ಮ ಹಳ್ಳಿಗರ ಅನುಭವದ ಮಾತು. ಸೂರಿನಿಂದ ಇಲಿ ಸತ್ತು ಬಿದ್ದ ಕೂಡಲೇ ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಮಾತಿಗೆ ಶಾಸ್ತ್ರದ ಆಧಾರವನ್ನು ಒದಗಿಸಿದವರು ಪೌಲ್ ಲೂಯಿ ಸಿಮೋಂ. ಇಲಿಯಿಂದ ಇಲಿಗೂ ಇಲಿಯಿಂದ ಮನುಷ್ಯನಿಗೂ ರೋಗವನ್ನು ಸಾಗಿಸುವುದು ಚಿಗಟವೆಂದು ಅವರು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ಬಹುಮಂದಿ ವಿದ್ವಾಂಸರು ಆಗ ಅದನ್ನು ಒಪ್ಪಲಿಲ್ಲ. 1905ರಿಂದ ಮುಂಬಯಿಯ ಪರೇಲಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ಪ್ಲೇಗು ಸಂಶೋಧನಾ ಮಂಡಲಿ ಆ ಸಂಶಯವನ್ನು ತೊಡೆದುಹಾಕಿತು. ನಗರದ ಮೂಲೆಮೂಲೆಗಳಿಂದ ಹಿಡಿದ ಮತ್ತು ಸತ್ತು ಬಿದ್ದ ಇಲಿಗಳಿಗೆ ಸಿಕ್ಕಿದ ಸ್ಥಳದ ಚೀಟಿ ಕಟ್ಟಿ ತರಿಸಿ, ಒಂದೊಂದನ್ನೂ ಕೊಯ್ದು ನೋಡಿ, ರೋಗವಿದ್ದ ಇಲಿಗಳನ್ನು ನಕ್ಷೆಯ ಮೇಲೆ ಗುರುತಿಸಿದರು. ಮೊದಲು ಚರಂಡಿಯ ಕಂದು ಇಲಿಗಳಲ್ಲಿ ರೋಗ ಏರುತ್ತದೆ. ಸುಮಾರು ಹತ್ತು ದಿನಗಳ ಬಳಿಕ ಮನೆಯ ಕಪ್ಪು ಇಲಿಗಳಲ್ಲಿ. ಅದಾಗಿ ಮತ್ತೆ ಹತ್ತು ಹದಿನಾಲ್ಕು ದಿನಗಳಿಗೆ ಮನುಷ್ಯರಲ್ಲಿ ಎಂಬುದು ಆ ನಕ್ಷೆಗಳಿಂದ ಸ್ಪಷ್ಟವಾಯಿತು.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಸೈನಿಕರ ಮನೆಶೋಧನೆಯಿಂದ ದೊರಕದ ಸತ್ಯ ಇಲಿಗಳ ಪಟ್ಟಿಯಿಂದ ದೊರಕಿತು. ಇಲಿಗೆ ಆಸ್ಪತ್ರೆಯ ಭಯವಿಲ್ಲ, ಮಾನಾಪಮಾನಗಳ ಚಿಂತೆಯಿಲ್ಲ. ಅದನ್ನು ಯಾರೂ ನೆರೆಮನೆಯಲ್ಲಿ ಬಚ್ಚಿಡಲಿಲ್ಲ. ಮಾತ್ರವಲ್ಲ, ಮನುಷ್ಯರ ಲೆಕ್ಕ ಆಗಿಹೋದುದನ್ನು ಹೇಳಿದರೆ ಇಲಿಗಳ ಲೆಕ್ಕ ಆಗಲಿರುವುದನ್ನು ಹೇಳಿತು.

ಮುಂಬಯಿಯ ವಾರದ ಅಂಕಿಗಳಿಗೆ ಇನ್ನೊಂದು ಅನಿರೀಕ್ಷಿತವಾದ ಭಾಗ್ಯವೂ ಒದಗಿತು. 1927ರಲ್ಲಿ, ಭಾರತದಲ್ಲಿ ಬಹುಕಾಲ ವೈದ್ಯಸೇವೆಯಲ್ಲಿದ್ದ ಮೆಕೆಂಡ್ರಿಕ್ ಮತ್ತು ಪ್ರಯೋಗಶಾಲೆಯ ಅಪಘಾತದಲ್ಲಿ ಕಣ್ಣು ಕಳೆದುಕೊಂಡಿದ್ದ ರಸಾಯನವಿಜ್ಞಾನಿ ಕೆರ್ಮಾಕ್ ಇಬ್ಬರೂ ಸೇರಿ, ಸಾಂಕ್ರಾಮಿಕ ರೋಗ ಏರಿ ಇಳಿಯುವ ಬಗೆಯನ್ನು ಗಣಿತದ ಸೂತ್ರಕ್ಕೆ ಅಳವಡಿಸಿದರು. ಸೋಂಕು ತಗಲಬಹುದಾದವರು, ತಗಲಿದವರು, ಗುಣವಾಗಿಯೋ ಸತ್ತೋ ಲೆಕ್ಕದಿಂದ ಹೊರಬಿದ್ದವರು ಎಂದು ಜನರನ್ನು ಮೂರು ಪಾಲು ಮಾಡುವ ಈ ಸೂತ್ರವೇ ಇಂದಿನ ರೋಗಮುನ್ಸೂಚನೆಗಳ ತಾಯಿ. ಅದನ್ನು ಪರೀಕ್ಷಿಸಲು ಅವರು ಬಳಸಿದುದು 1905ರ ಡಿಸೆಂಬರ್ 17ರಿಂದ 1906ರ ಜುಲೈ 21ರವರೆಗೆ ಮುಂಬಯಿ ದ್ವೀಪದಲ್ಲಿ ವಾರವಾರ ದಾಖಲಾದ ಪ್ಲೇಗಿನ ಸಾವುಗಳನ್ನು. ಮುಂಬಯಿಯ ಪ್ಲೇಗು ಪ್ರತಿ ಚಳಿಗಾಲದ ಕೊನೆಗೆ ಏರಿ ಮಳೆಗಾಲಕ್ಕೆ ಇಳಿಯುತ್ತಿದ್ದ ಋತುಧರ್ಮದ ರೋಗ. ಆ ಗುಣವನ್ನು ಸೂತ್ರವು ಲಕ್ಷಿಸಲಿಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಹಾಗಿದ್ದರೂ ಸುಡುಗಾಡಿನ ಗುಮಾಸ್ತನೊಬ್ಬನು ದಿನವೂ ಗೀಚಿದ ಗೆರೆಗಳು ಜಗತ್ತಿನ ಗಣಿತದ ಪುಟವನ್ನು ಸೇರಿದುದು ಸಣ್ಣ ಸಂಗತಿಯಲ್ಲ.

ನಮ್ಮ ಕಾಲದ ಲೆಕ್ಕ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಪಿಡುಗೆಂದು ಕರೆದಾಗ, ಮುಂಬಯಿಯ ಪ್ಲೇಗಿನಲ್ಲಿ ಹುಟ್ಟಿದ ಅದೇ 1897ರ ಕಾಯಿದೆ ನಮ್ಮ ನೆರವಿಗೆ ಬಂದಿತು. ಕರ್ನಾಟಕವೂ ಅದರ ಅಡಿಯಲ್ಲಿಯೇ ನಿಯಮಗಳನ್ನು ರಚಿಸಿತು. ಸಾಧನಗಳು ಮಾತ್ರ ಹೊಸವು. ಗಂಟಲಿನ ದ್ರವದ ಪರೀಕ್ಷೆ, ರೋಗಿಗೊಂದು ಸಂಖ್ಯೆ, ಸಂಜೆಗೊಂದು ಪ್ರಕಟಣೆ, ಬೆಂಗಳೂರಿನ 198 ವಾರ್ಡುಗಳ ಪಟ್ಟಿ. ಲಂಡನ್ನಿನ ಸಿರಿವಂತನು ವಾರದ ಹಾಳೆಯನ್ನು ಓದುತ್ತಿದ್ದಂತೆ ನಾವೆಲ್ಲರೂ ನಮ್ಮ ವಾರ್ಡಿನ ಅಂಕಿಯನ್ನು ಓದಿ, ತರಕಾರಿಗೆ ಹೋಗಬೇಕೋ ಬೇಡವೋ ಎಂದು ನಿರ್ಧರಿಸಿದೆವು.

ಹಳೆಯ ತಪ್ಪುಗಳೂ ಹೊಸ ವೇಷದಲ್ಲಿ ಬಂದವು. ಮನೆಯ ಬಾಗಿಲಿಗೆ ಸೋಂಕಿನ ಭಿತ್ತಿಪತ್ರ ಅಂಟಿಸುವ ಪದ್ಧತಿ ಹಲವು ಕಡೆ ಬೆಳೆಯಿತು. ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ 2020ರ ಜುಲೈನಲ್ಲಿ ಬಾಗಿಲಿಗೆ ತಗಡಿನ ಹಾಳೆಯನ್ನೇ ಬಡಿದು, ಬಳಿಕ ಕ್ಷಮೆ ಕೇಳಿ ತೆಗೆಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ವಿಶೇಷ ಆದೇಶವಿಲ್ಲದೆ ಅಂಥ ಭಿತ್ತಿಪತ್ರಗಳನ್ನು ಅಂಟಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಕೆಂಪು ಶಿಲುಬೆ, ಗೋಡೆಯ ವೃತ್ತ, ಬಾಗಿಲಿನ ತಗಡು ಮೂರೂ ಒಂದೇ ಜಾತಿಯವು. ಅವು ರೋಗವನ್ನು ತಡೆದುದಕ್ಕಿಂತ ರೋಗಿಯು ಬಾಯಿ ಬಿಡುವುದನ್ನು ತಡೆದುದೇ ಹೆಚ್ಚು.

ಪರೀಕ್ಷೆಗೆ ಬಂದವರ ಲೆಕ್ಕ ಒಂದು, ಸೋಂಕು ತಗಲಿದವರ ಲೆಕ್ಕ ಇನ್ನೊಂದು ಎಂಬುದೂ ಬೇಗನೆ ಗೊತ್ತಾಯಿತು. 2020ರ ಜುಲೈನಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಕೊಳೆಗೇರಿಗಳಲ್ಲಿ ನೂರಕ್ಕೆ ಸುಮಾರು 57 ಮಂದಿಗೂ ಉಳಿದ ಭಾಗಗಳಲ್ಲಿ ನೂರಕ್ಕೆ ಸುಮಾರು 16 ಮಂದಿಗೂ ಸೋಂಕು ಆಗಲೇ ತಗಲಿಹೋದ ಗುರುತು ಕಂಡಿತು. ಕರ್ನಾಟಕದಲ್ಲಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ಸಮೀಕ್ಷೆಯಂತೆ ನೂರಕ್ಕೆ ಸುಮಾರು 27 ಮಂದಿಗೆ ಸೋಂಕು ತಗಲಿದ್ದಿತು. ಪಟ್ಟಿಗೆ ಬಂದ ಒಂದೊಂದು ಸೋಂಕಿಗೆ ನಿಜವಾದ ಸೋಂಕುಗಳು ಸುಮಾರು 40 ಎಂದು ಅಂದಾಜಾಯಿತು. ಬೆಂಗಳೂರಿನ ಒಳಚರಂಡಿಯ ನೀರಿನಲ್ಲಿ ವೈರಾಣುವಿನ ಪ್ರಮಾಣವನ್ನು ಅಳೆಯುವ ಕ್ರಮವೂ ಮುಂದೆ ಆರಂಭವಾಯಿತು. ಪರೇಲಿನ ಇಲಿಗಳಂತೆ ಈ ನೀರಿಗೂ ಭಯವಿಲ್ಲ, ನಾಚಿಕೆಯಿಲ್ಲ. ಯಾರ ಹೆಸರನ್ನೂ ಹೇಳದೆ ಕೇರಿಯ ಸ್ಥಿತಿಯನ್ನು ಅದು ಹೇಳಿಬಿಡುತ್ತದೆ.

ಸಾವಿನ ಲೆಕ್ಕ ಎಂದಿನಂತೆ ಕೊನೆಗೆ ಸ್ಮಶಾನಕ್ಕೇ ಬಂದು ನಿಂತಿತು. 2020ರ ಜೂನ್ 16ರಂದು ಮುಂಬಯಿಯ ಪಟ್ಟಿಗೆ, ಮೊದಲು ಬಿಟ್ಟುಹೋಗಿದ್ದ 862 ಸಾವುಗಳನ್ನು ಒಮ್ಮೆಲೇ ಸೇರಿಸಬೇಕಾಯಿತು. 2021ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ದಿನದ ಸೋಂಕು 25,000ವನ್ನು ದಾಟಿದಾಗ ಚಿತಾಗಾರಗಳ ಮುಂದೆ ವಾಹನಗಳ ಸಾಲು ನಿಂತಿತು. ತಾವರೆಕೆರೆಯ ಬಯಲಿನಲ್ಲಿ ಚಿತೆಗಳು ಉರಿದವು. 2020 ಮತ್ತು 2021ರಲ್ಲಿ ಭಾರತದಲ್ಲಿ ಎಂದಿಗಿಂತ ಹೆಚ್ಚಾಗಿ ಸತ್ತವರು ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಸರ್ಕಾರದ ಕೋವಿಡ್ ಪಟ್ಟಿಯಲ್ಲಿ ಆ ಅವಧಿಗೆ ಇದ್ದುದು ಸುಮಾರು 4.8 ಲಕ್ಷ. ಭಾರತ ಸರ್ಕಾರವು ಆ ಅಂದಾಜಿನ ವಿಧಾನವನ್ನೇ ಆಕ್ಷೇಪಿಸಿತು. ವಿವಾದ ಏನೇ ಇರಲಿ, ಎರಡೂ ಪಕ್ಷದವರು ಮಾತನಾಡುತ್ತಿದ್ದುದು ಬಟ್ಟೆ ವ್ಯಾಪಾರಿ ಗ್ರಾಂಟ್‌ನ ಭಾಷೆಯನ್ನೇ.

ಲೆಕ್ಕದ ಹಿಂದಿನ ವಿಶ್ವಾಸ

ಇಷ್ಟು ಸಂಗತಿಗಳಿಂದ ನಮಗೆ ತೋರುವ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಪಿಡುಗಿನ ಲೆಕ್ಕ ಬರಿಯ ಅಂಕಗಣಿತವಲ್ಲ. ಅದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಣ ವಿಶ್ವಾಸದ ಅಳತೆ. ಹೇಳಿದರೆ ಶಿಕ್ಷೆಯಾಗುವ ಕಡೆ ಯಾರೂ ಹೇಳುವುದಿಲ್ಲ. ಹೇಳಿದರೆ ಸಹಾಯ ದೊರೆಯುವ ಕಡೆ ತಾವಾಗಿಯೇ ಬಂದು ಹೇಳುತ್ತಾರೆ. ಮುಂಬಯಿಯಲ್ಲಿ ಸೈನಿಕರಿಗೆ ಬಾಗಿಲು ಮುಚ್ಚಿದ ಕಾಲದಲ್ಲಿಯೇ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಲಸಿಕೆಗೆ ತೋಳು ಚಾಚಿದರು.

1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಸುತ್ತ ಕಾಲರಾ ರೋಗ 600ಕ್ಕೂ ಹೆಚ್ಚು ಜನರನ್ನು ಕೊಂದಾಗ, ಕುಡಿಯುವ ನೀರೇ ಅದಕ್ಕೆ ಕಾರಣವೆಂದು ಡಾ. ಜಾನ್ ಸ್ನೋ ನಕ್ಷೆಯ ಸಹಾಯದಿಂದ ವಾದಿಸಿದರು. ಆ ವಾದವನ್ನು ಮೊದಲು ನಂಬದೆ, ಅದನ್ನು ತಪ್ಪೆಂದು ತೋರಿಸಲು ಹೊರಟ ಹೆನ್ರಿ ವೈಟ್‌ಹೆಡ್ ಎಂಬ ಯುವ ಸಹಾಯಕ ಪಾದ್ರಿ, ಕೊನೆಗೆ ಅದರ ಬಲವಾದ ಸಾಕ್ಷಿಯಾದರು. ಬೀದಿಯ ಮೊದಲ ರೋಗಿ ಒಂದು ಹಸುಗೂಸು, ಅದರ ಬಟ್ಟೆ ತೊಳೆದ ನೀರು ಬಾವಿಗೆ ಇಳಿಯಿತು ಎಂಬುದನ್ನು ಕಂಡುಹಿಡಿದವರು ಅವರೇ. ವೈದ್ಯರಿಗೂ ಸರ್ಕಾರಕ್ಕೂ ಸಿಗದ ಆ ಸುಳಿವು ಅವರಿಗೆ ಸಿಕ್ಕಿದುದು ಅವರು ಆ ಮನೆಗಳ ಹೊಸ್ತಿಲನ್ನು ರೋಗ ಬರುವ ಮೊದಲೂ ತುಳಿದಿದ್ದುದರಿಂದ. ಊಟದ ಹೊತ್ತು ಯಾವುದು, ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾರು ಎಲ್ಲಿಂದ ನೀರು ತರುತ್ತಾರೆ ಎಂಬುದು ಅವರಿಗೆ ತಿಳಿದಿದ್ದಿತು.

ಬದುಕಿರುವವರ ಪುಸ್ತಕವೆಂದರೆ ಇದೇ. ಅದನ್ನು ಪಿಡುಗು ಬಂದ ದಿನ ಬರೆಯಹೊರಟರೆ ತಡವಾಗುತ್ತದೆ. ನೆಮ್ಮದಿಯ ದಿನಗಳಲ್ಲಿಯೇ ಕುಟುಂಬದ ಪಟ್ಟಿಯನ್ನು ತಿದ್ದಿ ಇಡಬೇಕು. ಒಂಟಿಯಾಗಿರುವ ವೃದ್ಧರ ಹೆಸರು, ಊರು ಬಿಟ್ಟುಹೋದವರ ಹೆಸರು, ದುಡಿಮೆಗಾಗಿ ಬಂದು ಬಾಡಿಗೆಯ ಕೋಣೆಯಲ್ಲಿರುವ ಹೊಸಬರ ಹೆಸರು, ಇವು ಯಾವ ಪಟ್ಟಿಯಲ್ಲಿಯೂ ಇಲ್ಲದೆ ಹೋಗಬಾರದು. ಏಕೆಂದರೆ ಎಣಿಕೆಗೆ ಬಾರದವರೇ ಪಿಡುಗಿನ ಕಾಲದಲ್ಲಿ ಮೊದಲು ಸಾಯುತ್ತಾರೆಂಬುದಕ್ಕೆ ಲಂಡನ್ನಿನ ಹಾಳೆಗಳೂ ಮಾಂಡ್ವಿಯ ಚಾಳುಗಳೂ ಸಾಕ್ಷಿ. ನಮ್ಮ ನೂರು ವರ್ಷಗಳ ಕಪಾಟಿನಲ್ಲಿರುವ ಆ ಎರಡು ಪುಸ್ತಕಗಳನ್ನು ಮುಂದಿನ ನೂರು ವರ್ಷವೂ ತೆರೆದ ಮನಸ್ಸಿನಿಂದ, ಯಾರನ್ನೂ ಬಿಡದೆ, ನಿಜವನ್ನೇ ಬರೆದು ತುಂಬಿಸುವಂತಾಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.